ರೋಲು ಮುಗಿಸಲು ತೆಗೆದ ಫೋಟೋಗಳು

(ಕಾರವಾರದಲ್ಲಿ ಫೋಟೋ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯ ಹಳೇ ಆಲ್ಬಮ್ ಒಮ್ಮೆ ನೆನಪು ಮಾಡಿಕೊಳ್ಳಿ. ಅದರಲ್ಲಿ ಏನೇನಿದೆ? ಮದುವೆ ಇದೆ. ಮುಂಜಿ, ನಾಮಕರಣ ಇದೆ. ಶಿರಸಿ ಮಾರಿಕಾಂಬೆ ಜಾತ್ರೆಯಲ್ಲಿ ತೆಗೆದದ್ದು ಒಂದೆರಡು, ಮುರುಡೇಶ್ವರಕ್ಕೆ ಹೋದಾಗ ಸಾಲಾಗಿ ನಿಂತದ್ದು ಒಂದು. ಎಲ್ಲರೂ ಪೆಟ್ಟಿಗೆಯಿಂದ ತೆಗೆದ ಒಳ್ಳೆ ಬಟ್ಟೆ ಹಾಕಿದ್ದಾರೆ. ಎಲ್ಲರೂ ಕ್ಯಾಮೆರಾ ಕಡೆಗೇ ನೋಡುತ್ತಿದ್ದಾರೆ.

ಈಗ ಅದೇ ಆಲ್ಬಮ್ಮಿನ ಹಿಂದೆ ಸಿಕ್ಕಿಸಿಟ್ಟ ನೆಗೆಟಿವ್ ಪಟ್ಟಿಗಳನ್ನು ಬೆಳಕಿಗೆ ಹಿಡಿಯಿರಿ. ಕೊನೆಯ ಪಟ್ಟಿಯಲ್ಲಿ ಬೇರೆಯೇ ಚಿತ್ರಗಳಿರುತ್ತವೆ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿರುವ ದೊಡ್ಡಮ್ಮ. ಜಗಲಿಯಲ್ಲಿ ಮಲಗಿದ ನಾಯಿ. ಅಡಿಕೆ ಸುಲಿಯುತ್ತ ಅರ್ಧ ತಿರುಗಿದ ಅಜ್ಜಿ. ಮದುವೆ ಮುಗಿದಿದೆ, ರೋಲಿನಲ್ಲಿ ಮೂರ್ನಾಲ್ಕು ಫೋಟೋ ಉಳಿದಿದೆ, ಸ್ಟುಡಿಯೋಕ್ಕೆ ತೊಳೆಯಲು ಕೊಡಬೇಕು. ಆಗ ಮನೆಯಲ್ಲಿ ಯಾರೋ ‘ರೋಲು ಮುಗಿಸಿಬಿಡೋಣ’ ಅಂತ ಸುಮ್ನೆ ಒತ್ತಿದ ಫೋಟೋಗಳು ಅವು. ಎಷ್ಟೋ ಮನೆಗಳಲ್ಲಿ ಅವುಗಳ ಕಾಪಿಯನ್ನೇ ಹಾಕಿಸಿಲ್ಲ.

ಆ ಮನೆಯವರನ್ನು ಇವತ್ತು ಕೇಳಿ ನೋಡಿ. ಸಾಲಾಗಿ ನಿಂತ ಮೂವತ್ತು ಫೋಟೋಗಳಿಗಿಂತ ಆ ಅಜ್ಜಿಯ ಒಂದು ಫೋಟೋ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಅಜ್ಜಿ ಹೇಗೆ ಕೂರುತ್ತಿದ್ದರು, ಮೆಟ್ಟುಗತ್ತಿ ಎಲ್ಲಿರುತ್ತಿತ್ತು, ಹಿಂದಿನ ಗೋಡೆಯ ಬಣ್ಣ ಯಾವುದು ಎಲ್ಲ ಅದರಲ್ಲೇ ಇದೆ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಆ ಕೊನೆಯ ಪಟ್ಟಿಯ ಫೋಟೋಗಳನ್ನು ಇಡೀ ರೋಲಿನ ತುಂಬ ತೆಗೆಯಿರಿ. ಅದಕ್ಕೆ ಸರಿಯಾದ ಯಂತ್ರ ಒಂದಿದೆ: ಜೇಬಿನಲ್ಲಿ ಹಿಡಿಯುವ, ತಾನೇ ಫೋಕಸ್ ಮಾಡಿಕೊಳ್ಳುವ ಸಣ್ಣ ಫಿಲ್ಮ್ ಕ್ಯಾಮೆರಾ. ಆ ಯಂತ್ರ ಒಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಅದರಿಂದ ತುಂಬಾ ಕೆಲಸ ತೆಗೆಯಬಹುದು. ಹಾಗಾಗಿ ಮೊದಲು ಯಂತ್ರದ ಮಾತು.

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಯಾಶಿಕಾ ಎಂಎಫ್-2, ಆಮೇಲೆ ಕೊಡಕ್ ಕೆಬಿ-10 ತರಹದವು. ಅವು ಆಟೋಫೋಕಸ್ ಅಲ್ಲ. ಅವುಗಳ ಲೆನ್ಸ್ ಒಂದೇ ಕಡೆ ಕೂತಿರುತ್ತದೆ. ಮೀಟರುಗಟ್ಟಲೆ ದೂರ ಇರುವುದೆಲ್ಲ ಸಾಧಾರಣ ಸ್ಪಷ್ಟವಾಗಿ ಬರುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಆಟೋಫೋಕಸ್ ಕ್ಯಾಮೆರಾ ಬಂದದ್ದು ಹೆಚ್ಚಾಗಿ ಹೊರಗಿನಿಂದ. ಭಟ್ಕಳ, ಹೊನ್ನಾವರದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದವರು ತಂದರು, ಹಡಗಿನ ಕೆಲಸಕ್ಕೆ ಹೋದವರು ತಂದರು. ಎಷ್ಟೋ ಕಪಾಟುಗಳಲ್ಲಿ ಅವು ಈಗಲೂ ಇವೆ. ಗುರುತು ಹಿಡಿಯುವುದು ಸುಲಭ. ಕ್ಯಾಮೆರಾದ ಎದುರು ಭಾಗದಲ್ಲಿ, ನಾವು ಕಣ್ಣಿಟ್ಟು ನೋಡುವ ಕಿಂಡಿಯ ಹತ್ತಿರ, ಇನ್ನೂ ಎರಡು ಪುಟ್ಟ ಕಿಟಕಿ ಕಂಡರೆ ಅದು ಬಹುತೇಕ ಆಟೋಫೋಕಸ್.

ಮಾರುಕಟ್ಟೆಗೆ ಬಂದ ಮೊದಲ ಆಟೋಫೋಕಸ್ ಕ್ಯಾಮೆರಾ ಜಪಾನಿನ ಕೊನಿಕಾ ಸಿ35 ಎಎಫ್, 1977ರಲ್ಲಿ. ಅದು ಎರಡು ಕಿಟಕಿಗಳಿಂದ ಕಂಡ ಚಿತ್ರವನ್ನು ಹೋಲಿಸಿ ದೂರ ಅಳೆಯುತ್ತಿತ್ತು. ಬೆಳಕು ಕಡಿಮೆಯಾದರೆ ಅದಕ್ಕೆ ಕಷ್ಟ. 1979ರಲ್ಲಿ ಕ್ಯಾನನ್ ಎಎಫ್35ಎಂ ಬಂತು. ಅದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣ ತಾನೇ ಬಿಟ್ಟು ಅಳೆಯಿತು. ಕತ್ತಲಲ್ಲೂ ಅಳೆಯಬಹುದು. ನಾವು ನೋಡುವ ಹೆಚ್ಚಿನ ಸಣ್ಣ ಕ್ಯಾಮೆರಾಗಳು ಈ ಎರಡನೇ ದಾರಿ ಹಿಡಿದವು. 1983ರ ನಿಕಾನ್ ಎಲ್35ಎಎಫ್, 1991ರ ಒಲಿಂಪಸ್ ಮ್ಯೂ, 1997ರ ಮ್ಯೂ-2 ಎಲ್ಲ ಆ ಸಾಲಿನವು.

ಒಳಗೆ ನಡೆಯುವುದು ಹೀಗೆ. ನೀವು ಗುಂಡಿಯನ್ನು ಅರ್ಧ ಒತ್ತುತ್ತೀರಿ. ಒಂದು ಕಿಟಕಿಯಿಂದ ಕಿರಣ ಹೊರಡುತ್ತದೆ. ಎದುರಿಗೆ ಇದ್ದದ್ದಕ್ಕೆ ತಾಗಿ ವಾಪಸ್ ಬರುತ್ತದೆ. ಪಕ್ಕದ ಕಿಟಕಿಯಲ್ಲಿ ಅದನ್ನು ಹಿಡಿಯುವ ಭಾಗ ಇದೆ. ವಸ್ತು ಹತ್ತಿರ ಇದ್ದರೆ ಕಿರಣ ಜಾಸ್ತಿ ಓರೆಯಾಗಿ ಬರುತ್ತದೆ, ದೂರ ಇದ್ದರೆ ಹೆಚ್ಚುಕಡಿಮೆ ನೇರವಾಗಿ. ಆ ಓರೆಯಿಂದ ಕ್ಯಾಮೆರಾ ದೂರದ ಲೆಕ್ಕ ಹಾಕುತ್ತದೆ. ಕಿರಣ ವಾಪಸ್ಸೇ ಬಾರದಿದ್ದರೆ ‘ಬಹಳ ದೂರ’ ಅಂತ ತಿಳಿದು ಲೆನ್ಸನ್ನು ಕೊನೆಗೆ ಒಯ್ಯುತ್ತದೆ. ಅಷ್ಟೇ. ಮುಖ ಯಾವುದು, ಮರ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ.

ಇದು ಗೊತ್ತಾದರೆ ಹಾಳಾದ ಫೋಟೋಗಳ ಅರ್ಧ ರಹಸ್ಯ ಬಿಡಿಸಿದಂತೆ.

ಇಬ್ಬರು ಅಕ್ಕಪಕ್ಕ ನಿಂತಿದ್ದಾರೆ. ಕಿರಣ ನಡುವಿನ ಸಂದಿಯಿಂದ ತೂರಿ ಹೋಗುತ್ತದೆ. ಹಿಂದಿನ ಗೋಡೆಯ ಕ್ಯಾಲೆಂಡರ್ ಚೆಂದ ಬರುತ್ತದೆ, ಇಬ್ಬರ ಮುಖವೂ ಮಂಜು. ಹಳೇ ಆಲ್ಬಮ್ಮುಗಳಲ್ಲಿ ಇಂಥ ದಂಪತಿಗಳ ಫೋಟೋ ಎಷ್ಟಿವೆ! ಉಪಾಯ ಸರಳ. ಕಿಂಡಿಯ ನಡುವಿನ ಗುರುತನ್ನು ಒಬ್ಬರ ಮುಖದ ಮೇಲೆ ತನ್ನಿ. ಗುಂಡಿ ಅರ್ಧ ಒತ್ತಿ ಹಿಡಿಯಿರಿ. ಹಸಿರು ದೀಪ ಹತ್ತುತ್ತದೆ. ಬೆರಳು ಎತ್ತದೆ ಕ್ಯಾಮೆರಾವನ್ನು ನಿಮಗೆ ಬೇಕಾದ ಕಡೆ ಸರಿಸಿ. ಆಮೇಲೆ ಪೂರ್ತಿ ಒತ್ತಿ. ಆಮೇಲಿನ ಕ್ಯಾಮೆರಾಗಳು ಒಂದರ ಬದಲು ಮೂರು ಅಥವಾ ಐದು ಕಿರಣ ಬಿಡುತ್ತವೆ, ಅವುಗಳಲ್ಲಿ ಈ ತೊಂದರೆ ಕಡಿಮೆ. ಆದರೂ ಅರ್ಧ ಒತ್ತುವ ಅಭ್ಯಾಸ ಬಿಡಬೇಡಿ.

ಗಾಜು ಇನ್ನೊಂದು ತೊಂದರೆ. ಬಸ್ಸಿನಲ್ಲಿ ಶಿರಸಿಯಿಂದ ಕುಮಟೆಗೆ ಇಳಿಯುವಾಗ ದೇವಿಮನೆ ಘಟ್ಟ ಕಾಣುತ್ತದೆ. ಗಾಜು ಮುಚ್ಚಿದ್ದರೆ ಕಿರಣ ಗಾಜಿಗೇ ತಾಗಿ ತಿರುಗಬಹುದು. ಆಗ ಕ್ಯಾಮೆರಾ ಹತ್ತಿರಕ್ಕೆ ಫೋಕಸ್ ಮಾಡುತ್ತದೆ, ಘಟ್ಟ ಮಸುಕು. ಎಷ್ಟೋ ಕ್ಯಾಮೆರಾಗಳಲ್ಲಿ ಬೆಟ್ಟದ ಗುರುತಿನ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಅಳೆಯುವ ಕೆಲಸ ಬಿಟ್ಟು ನೇರ ದೂರಕ್ಕೆ ಫೋಕಸ್ ಮಾಡುತ್ತದೆ. ಮಳೆ ಇಲ್ಲದಿದ್ದರೆ ಗಾಜು ಸರಿಸುವುದೇ ಒಳ್ಳೆಯದು.

ಕಪ್ಪು ವಸ್ತುಗಳು ಕಿರಣವನ್ನು ನುಂಗುತ್ತವೆ. ಒದ್ದೆಯಾದ ಕರಿ ಕೊಡೆ, ಎಮ್ಮೆಯ ಬೆನ್ನು. ವಾಪಸ್ ಬರುವ ಬೆಳಕು ಸಾಲದೆ ಕ್ಯಾಮೆರಾ ದೂರಕ್ಕೆ ಫೋಕಸ್ ಮಾಡಿಬಿಡುತ್ತದೆ. ಕೊಡೆ ಹಿಡಿದವರ ಫೋಟೋ ತೆಗೆಯುವಾಗ ಮುಖಕ್ಕೋ, ಅಂಗಿಗೋ ಗುರಿ ಇಡಿ.

ಇನ್ನು ಹತ್ತಿರದ ಮಿತಿ. ಕಿಂಡಿಯಿಂದ ನೀವು ನೋಡುವುದು ಲೆನ್ಸ್ ನೋಡುವ ಚಿತ್ರ ಅಲ್ಲ, ಅದರ ಪಕ್ಕದಿಂದ ಕಾಣುವ ಚಿತ್ರ. ಹಾಗಾಗಿ ಫೋಕಸ್ ತಪ್ಪಿದರೂ ಕಿಂಡಿಯಲ್ಲಿ ಎಲ್ಲ ಸ್ಪಷ್ಟವಾಗಿಯೇ ಕಾಣುತ್ತದೆ. ಮ್ಯೂ-2 ಕ್ಯಾಮೆರಾ 35 ಸೆಂಟಿಮೀಟರ್‌ವರೆಗೂ ಹತ್ತಿರ ಹೋಗಬಲ್ಲದು. ಬೇರೆ ಎಷ್ಟೋ ಕ್ಯಾಮೆರಾಗಳಿಗೆ 60ರಿಂದ 90 ಸೆಂಟಿಮೀಟರ್ ಬೇಕು. ನಿಮ್ಮದರ ಲೆಕ್ಕ ಗೊತ್ತಿಲ್ಲದಿದ್ದರೆ ಎರಡು ಮೊಳ ಅಂತ ಇಟ್ಟುಕೊಳ್ಳಿ. ತೀರಾ ಹತ್ತಿರವಾದರೆ ಹಸಿರು ದೀಪ ಮಿಣುಕುತ್ತದೆ. ಅದು ‘ಹಿಂದೆ ಸರಿ’ ಅನ್ನುವ ಸೂಚನೆ. ಹತ್ತಿರದಿಂದ ತೆಗೆಯುವಾಗ ಕಿಂಡಿಯೊಳಗಿನ ಸಣ್ಣ ಗೆರೆಗಳ ಒಳಗೇ ತಲೆ ಇರಲಿ, ಇಲ್ಲವಾದರೆ ಹಣೆ ಕತ್ತರಿಸಿ ಹೋಗುತ್ತದೆ.

ಅರ್ಧ ಒತ್ತುವುದರಿಂದ ಇನ್ನೊಂದು ಲಾಭ ಇದೆ. ಒಮ್ಮೆಲೇ ಪೂರ್ತಿ ಒತ್ತಿದರೆ ಕ್ಯಾಮೆರಾ ಮೊದಲು ಅಳೆಯಬೇಕು, ಲೆನ್ಸ್ ಸರಿಸಬೇಕು, ಆಮೇಲೆ ಬೆಳಕು ಒಳಗೆ ಬಿಡುವ ಶಟರ್ ತೆರೆಯಬೇಕು. ಅಷ್ಟರಲ್ಲಿ ಕ್ಷಣ ಹೋಗಿರುತ್ತದೆ. ಕಾಳಿ ನದಿಯ ದಡದಲ್ಲಿ ಬೀಸುಬಲೆ ಹಾಕುವವರನ್ನು ನೋಡಿದ್ದೀರಲ್ಲ? ಬಲೆ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅವರು ಬಲೆ ಮಡಚಿ ಭುಜಕ್ಕೆ ಹಾಕಿಕೊಳ್ಳುವಾಗಲೇ ಅವರ ಮೇಲೆ ಅರ್ಧ ಒತ್ತಿ ಕಾಯಿರಿ. ಬಲೆ ಕೈ ಬಿಟ್ಟಾಗ ಪೂರ್ತಿ ಒತ್ತಿ. ಸಿಗುತ್ತದೆ.

ಬೆಳಕಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಫ್ಲಾಶ್ ಆರಿಸಿ.

ಈ ಕ್ಯಾಮೆರಾಗಳು ಬೆಳಕು ಸ್ವಲ್ಪ ಕಡಿಮೆಯಾದರೂ ತಾವಾಗಿ ಫ್ಲಾಶ್ ಹಾಕುತ್ತವೆ. ಎಷ್ಟೋ ಮಾದರಿಗಳಲ್ಲಿ ಒಮ್ಮೆ ಆರಿಸಿದರೂ, ಮುಚ್ಚಿ ತೆರೆದಾಗ ಮತ್ತೆ ಮೊದಲಿನಂತೆ ಆಗಿರುತ್ತದೆ. ಪ್ರತಿ ಸಲ ಆರಿಸಬೇಕು. ರಗಳೆ ಅನಿಸುತ್ತದೆ, ಆದರೆ ಮಾಡಲೇಬೇಕು. ಶಿರಸಿ ಕಡೆಯ ಮನೆಯ ಅಡುಗೆಮನೆ ನೆನಪು ಮಾಡಿಕೊಳ್ಳಿ. ಒಂದು ಕಿಟಕಿ, ಮಾಡಿಗೆ ಕೂರಿಸಿದ ಒಂದು ಗಾಜಿನ ಹೆಂಚು, ಒಲೆಯ ಬೆಂಕಿ. ಆ ಬೆಳಕಿನಲ್ಲಿ ದೋಸೆ ಹೊಯ್ಯುವ ಕೈ ಹೇಗೆ ಕಾಣುತ್ತದೆ! ಫ್ಲಾಶ್ ಬಿದ್ದರೆ ಮುಖ ಬೆಳ್ಳಗೆ, ಹಿಂದೆಲ್ಲ ಕತ್ತಲು. ಮನೆಯೇ ಮಾಯವಾಗುತ್ತದೆ. ಮಳೆಯಲ್ಲಂತೂ ಎದುರಿನ ಹನಿಗಳೇ ಬಿಳಿ ಚುಕ್ಕೆಗಳಾಗಿ ಫೋಟೋ ತುಂಬುತ್ತವೆ.

ಫ್ಲಾಶ್ ಇಲ್ಲದಿದ್ದರೆ ಶಟರ್ ಜಾಸ್ತಿ ಹೊತ್ತು ತೆರೆದಿರುತ್ತದೆ, ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ. ಎಷ್ಟು ಹೊತ್ತು ಅಂತ ಈ ಕ್ಯಾಮೆರಾ ಹೇಳುವುದೂ ಇಲ್ಲ. ಹಾಗಾಗಿ ಮನೆಯೊಳಗೆ ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ, ಕಂಬಕ್ಕೆ ಒರಗಿ, ಉಸಿರು ಬಿಟ್ಟು ಮೆಲ್ಲಗೆ ಒತ್ತಿ. ಜೊತೆಗೆ ವೇಗದ ರೋಲು, ಅಂದರೆ ಕಡಿಮೆ ಬೆಳಕೂ ಸಾಕಾಗುವ ರೋಲು ಹಾಕಿ. ರೋಲಿನ ಮೇಲೆ ಬರೆದ ಅಂಕಿ ದೊಡ್ಡದಾದಷ್ಟೂ ವೇಗ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಮಧ್ಯಾಹ್ನವೂ ಮುಸ್ಸಂಜೆ ಇದ್ದ ಹಾಗೆ. ಆಗ 400ರ ರೋಲು. ದೀಪಾವಳಿ ಕಳೆದು ಬಿಸಿಲು ಬಂದ ಮೇಲೆ 200 ಸಾಕು.

ಜೂಮ್ ಇರುವ ಕ್ಯಾಮೆರಾ ಆದರೆ ಜೂಮ್ ಹಿಂದಕ್ಕೇ ಇರಲಿ. ಲೆನ್ಸ್ ಉದ್ದ ಆದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ದೊಡ್ಡದು ಬೇಕಾದರೆ ಎರಡು ಹೆಜ್ಜೆ ಮುಂದೆ ಹೋಗಿ.

ಫ್ಲಾಶ್ ಬೇಕಾಗುವ ಹೊತ್ತೂ ಒಂದಿದೆ. ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಸೂರ್ಯನಿಗೆ ಬೆನ್ನು ಮಾಡಿ ನಿಂತವರ ಮುಖ ಕಪ್ಪಾಗಿ ಬರುತ್ತದೆ. ಆಗ ಫ್ಲಾಶನ್ನು ಕಡ್ಡಾಯ ಮಾಡುವ ಮಿಂಚಿನ ಗುರುತಿಗೆ ತಿರುಗಿಸಿ. 100ರ ರೋಲಿನಲ್ಲಿ ಈ ಸಣ್ಣ ಫ್ಲಾಶ್ ಮೂರ್ನಾಲ್ಕು ಮೀಟರ್ ಮುಟ್ಟುತ್ತದೆ, 400ರಲ್ಲಿ ಅದರ ಎರಡರಷ್ಟು. ಅದಕ್ಕಿಂತ ದೂರಕ್ಕೆ ಪ್ರಯೋಜನ ಇಲ್ಲ. ಮಧ್ಯಾಹ್ನದ ಮರಳು, ನೀರು ತುಂಬಾ ಹೊಳೆಯುವುದರಿಂದ ಕ್ಯಾಮೆರಾ ಬೆಳಕು ಜಾಸ್ತಿ ಇದೆ ಅಂತ ತಿಳಿದು ಕಡಿಮೆ ಒಳಗೆ ಬಿಡುತ್ತದೆ. ಬಣ್ಣದ ನೆಗೆಟಿವ್ ಫಿಲ್ಮಿನ ಸ್ವಭಾವ ಹೇಗೆ ಅಂದರೆ ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ತಡೆಯುವುದಿಲ್ಲ, ನೆರಳೆಲ್ಲ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ನೆತ್ತಿಯ ಬಿಸಿಲಲ್ಲಿ ತೀರಕ್ಕೆ ಹೋಗುವುದಕ್ಕಿಂತ ನಾಲ್ಕು ಗಂಟೆ ಕಳೆದ ಮೇಲೆ ಹೋಗಿ.

ರೋಲಿನ ವೇಗ ಕ್ಯಾಮೆರಾಕ್ಕೆ ಹೇಗೆ ತಿಳಿಯುತ್ತದೆ? ಡಬ್ಬಿಯ ಮೇಲೆ ಬೆಳ್ಳಿ ಮತ್ತು ಕಪ್ಪು ಚೌಕಗಳಿವೆ ನೋಡಿ. ಅದು 1983ರಲ್ಲಿ ಕೊಡಕ್ ತಂದ ಡಿಎಕ್ಸ್ ಕೋಡ್. ಕ್ಯಾಮೆರಾದೊಳಗಿನ ಸಣ್ಣ ಲೋಹದ ಮೊಳೆಗಳು ಆ ಚೌಕಗಳಿಗೆ ತಾಗಿ ಓದುತ್ತವೆ. ನಮ್ಮ ಉಪ್ಪುಗಾಳಿಗೆ ಆ ಮೊಳೆಗಳು ಮಂಕಾಗುತ್ತವೆ. ಓದಲಾಗದಿದ್ದರೆ ಎಷ್ಟೋ ಕ್ಯಾಮೆರಾಗಳು 100 ಅಂತ ತಿಳಿಯುತ್ತವೆ. ಹೊಸ ರೋಲು ಹಾಕುವ ಮೊದಲು ಒಣ ಬಟ್ಟೆಯಿಂದ ಒಮ್ಮೆ ಒರೆಸಿ.

ಯಂತ್ರದ ಮಾತು ಸಾಕು. ಏನು ತೆಗೆಯಬೇಕು?

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಅದರ ಚಾಲಕ ಬದುಕಿ ಬಂದ. ಕೋಡಿಬಾಗದಿಂದ ಸದಾಶಿವಗಡಕ್ಕೆ ನಾವೆಲ್ಲ ದಾಟುತ್ತಿದ್ದ ಸೇತುವೆ ಅದು. ಶಾಲೆಗೆ, ಗೋವಾಕ್ಕೆ, ಮದುವೆಗೆ, ಆಸ್ಪತ್ರೆಗೆ ಅದರ ಮೇಲಿಂದಲೇ ಹೋದದ್ದು. ಅದು ಬಿದ್ದ ಮೇಲೆ ನೂರಾರು ಫೋಟೋ ಬಂದವು, ಎಲ್ಲ ಮುರಿದ ಸೇತುವೆಯವು. ಗಟ್ಟಿಯಾಗಿ ನಿಂತಿದ್ದಾಗ ಅದರ ಕಂಬಿಗೆ ಒರಗಿ ಗಾಳಿ ತಿನ್ನುತ್ತಿದ್ದವರ ಫೋಟೋ ಎಷ್ಟು ಮನೆಗಳಲ್ಲಿದೆ? ಬೈಕು ನಿಲ್ಲಿಸಿ ಸೂರ್ಯಾಸ್ತ ತೆಗೆದವರು ತುಂಬಾ ಜನ ಇದ್ದಾರೆ. ಆ ಕಂಬಿ, ಆ ದೀಪದ ಕಂಬ, ಅಲ್ಲಿ ನಡೆದು ಹೋಗುತ್ತಿದ್ದ ಜನ, ಅದನ್ನು ಯಾರೂ ಫೋಟೋ ಅಂತ ಅಂದುಕೊಳ್ಳಲೇ ಇಲ್ಲ.

ಹಾಗಾಗಿ ನನ್ನ ಸಲಹೆ ಹೀಗಿದೆ. ಎಲ್ಲರೂ ಒಂದೇ ಕಡೆ ಫೋಟೋ ತೆಗೆಯುತ್ತಿದ್ದರೆ ಅದಕ್ಕೆ ಬೆನ್ನು ಮಾಡಿ ನೋಡಿ. ತೀರದಲ್ಲಿ ಯುದ್ಧನೌಕೆಯ ಮ್ಯೂಸಿಯಂ ಎದುರು ಎಲ್ಲರೂ ನಿಲ್ಲುತ್ತಾರೆ. ತಿರುಗಿದರೆ ಫುಟ್ಬಾಲ್ ಆಡುವ ಹುಡುಗರಿದ್ದಾರೆ, ಚುರುಮುರಿ ಗಾಡಿಯವರು ಈರುಳ್ಳಿ ಹೆಚ್ಚುತ್ತಿದ್ದಾರೆ. ಭಾನುವಾರದ ಸಂತೆಯಲ್ಲಿ ತರಕಾರಿ ರಾಶಿಯನ್ನು ಯಾರು ಬೇಕಾದರೂ ತೆಗೆಯುತ್ತಾರೆ. ಸಂತೆ ಮುಗಿದ ಮೇಲೆ ಚೀಲ ಮಡಚಿ ಬಸ್ಸಿಗೆ ಕಾಯುವ ಅಕ್ಕಂದಿರನ್ನು ತೆಗೆಯಿರಿ. ಬೈತಖೋಲ ಬಂದರಿನಲ್ಲಿ ಮೀನು ಇಳಿಸುವ ಫೋಟೋ ಸಾಕಷ್ಟಿವೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ತಾಡಪಾಲು ಕಟ್ಟಿಕೊಂಡು ಅದರ ಕೆಳಗೆ ಕೂತು ಬಲೆ ನೇಯುವವರು, ಕಾಲ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿಕೊಂಡು ಮಾತಾಡುವವರು ಇರುತ್ತಾರೆ. ಆ ಎರಡು ತಿಂಗಳ ಬದುಕು ಫೋಟೋಗಳಲ್ಲಿ ಬಹಳ ಕಡಿಮೆ.

ಮನೆಯೊಳಗೂ ಹಾಗೆಯೇ. ಚಪ್ಪಲಿ ಬಿಡುವ ಜಾಗ. ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿ ಒಣಗಿಸಿದ ಬಟ್ಟೆ. ಅಪ್ಪ ಪೇಪರ್ ಓದುವ ಕುರ್ಚಿ, ಅಪ್ಪ ಅದರಲ್ಲಿ ಕೂತಿರುವಾಗಲೇ. ಇಶಾಡು ಮಾವಿನಹಣ್ಣು ಹಿಂಡುವ ಕೈ. ಫೋಟೋಕ್ಕೆ ಅಂತ ಯಾರನ್ನೂ ಎಬ್ಬಿಸಬೇಡಿ, ಜಾಗ ಚೊಕ್ಕ ಮಾಡಿಸಬೇಡಿ. ಮೇಜಿನ ಮೇಲಿನ ಮಾತ್ರೆ ಡಬ್ಬಿ ಅಲ್ಲೇ ಇರಲಿ.

ಇನ್ನೊಂದು ಮಾತು ನನಗೆ ಬಹಳ ಮುಖ್ಯ. ಹಳೇ ಆಲ್ಬಮ್ಮುಗಳಲ್ಲಿ ಒಬ್ಬರು ಸದಾ ಕಾಣೆ. ಫೋಟೋ ತೆಗೆದವರು. ಕ್ಯಾಮೆರಾ ಒಬ್ಬರ ಕೈಯಲ್ಲೇ ಇರುತ್ತಿತ್ತು, ಬೇರೆಯವರು ಮುಟ್ಟಿದರೆ ಹಾಳಾಗುತ್ತದೆ ಅನ್ನುವ ಭಯ. ತೆಗೆದವರೂ ಹೆಚ್ಚಾಗಿ ಗಂಡಸರೇ. ಅಡುಗೆಮನೆಯಲ್ಲಿ ನಿಂತು ನೋಡಿದರೆ ಜಗಲಿ ಹೇಗೆ ಕಾಣುತ್ತದೆ ಅನ್ನುವ ಫೋಟೋ ಅದಕ್ಕೇ ಸಿಗುವುದಿಲ್ಲ. ಆಟೋಫೋಕಸ್ ಬಂದ ಮೇಲೆ ಆ ಭಯಕ್ಕೆ ಕಾರಣವೇ ಇಲ್ಲ. ಕ್ಯಾಮೆರಾವನ್ನು ಬಾಗಿಲ ಹತ್ತಿರ ಮಕ್ಕಳಿಗೂ ಅಜ್ಜಿಗೂ ಎಟುಕುವಂತೆ ಇಡಿ. ಯಾರಿಗೆ ಏನು ಕಂಡರೂ ಒತ್ತಲಿ. ರೋಲಿನ ಮೂವತ್ತಾರು ಫೋಟೋ ಮನೆಯವರೆಲ್ಲ ಸೇರಿ ಮುಗಿಸಲಿ. ತಿಂಗಳಾಗಲಿ, ಎರಡು ತಿಂಗಳಾಗಲಿ. ತೊಳೆಸಿ ತಂದಾಗ ಯಾವುದು ಯಾರು ತೆಗೆದದ್ದು ಅಂತ ಗುರುತಿಸುವಾಗ ಒಂದು ಮಾತು ಗೊತ್ತಾಗುತ್ತದೆ: ಒಂದೇ ಮನೆಯಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದಾರೆ.

ಬೇರೆಯವರ ಫೋಟೋ ತೆಗೆಯುವಾಗ ಕೇಳಿ ತೆಗೆಯಿರಿ. ‘ಅಕ್ಕಾ, ಒಂದು ಫೋಟೋ ತೆಗೀಲಾ?’ ಅಂದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ‘ತೆಗಿ, ಆದ್ರೆ ನಂಗೂ ಒಂದು ಕಾಪಿ ಕೊಡ್ಬೇಕು’ ಅನ್ನುತ್ತಾರೆ. ಆ ಕಾಪಿ ಕೊಟ್ಟೇ ಕೊಡಿ. ಕೊಟ್ಟ ಮೇಲೆ ಅವರ ಪಕ್ಕ ಕೂತು ತೆಗೆಯುವಷ್ಟು ಸಲಿಗೆ ಬರುತ್ತದೆ, ಆಮೇಲೆ ಅವರು ನಿಮ್ಮನ್ನು ಗಮನಿಸುವುದನ್ನೇ ಬಿಡುತ್ತಾರೆ. ಬೇಡ ಅಂದರೆ ಕ್ಯಾಮೆರಾ ಜೇಬಿಗೆ. ಅರಗದ ನೌಕಾನೆಲೆಯ ಸುತ್ತಮುತ್ತ ಫೋಟೋ ನಿಷೇಧ. ಬಂದರಿನಲ್ಲೂ ಬೋರ್ಡ್ ನೋಡಿಕೊಂಡೇ ತೆಗೆಯಬೇಕು.

ಕ್ಯಾಮೆರಾ ಕಾಪಾಡುವ ಬಗ್ಗೆ. ನಮ್ಮ ಕರಾವಳಿಯಲ್ಲಿ ಅದರ ದೊಡ್ಡ ಶತ್ರು ಬೂಸಲು. ಕತ್ತಲೆಯ ಕಪಾಟಿನಲ್ಲಿ, ಚರ್ಮದ ಚೀಲದಲ್ಲಿ ಮಳೆಗಾಲ ಕಳೆದರೆ ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆ ಹುಟ್ಟುತ್ತವೆ. ಒಮ್ಮೆ ಬೇರೂರಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಸಾಕು. ಬಣ್ಣ ಬದಲಾಯಿಸುವ ಜೆಲ್ ತಂದರೆ ಯಾವಾಗ ತೇವ ಹೀರಿ ತುಂಬಿದೆ ಅಂತ ಕಾಣುತ್ತದೆ. ಮಳೆಗಾಲದಲ್ಲಿ ಬಳಸುವ ವಾರಗಳಲ್ಲಿ ಕ್ಯಾಮೆರಾ ಬಾಗಿಲ ಹತ್ತಿರ ಇರಲಿ, ಬಳಸದ ವಾರಗಳಲ್ಲಿ ಡಬ್ಬಿಗೆ ಹಾಕಿ. ಕಡಲ ತೀರದಿಂದ ಬಂದ ಮೇಲೆ ಸ್ವಲ್ಪ ತೇವದ ಬಟ್ಟೆಯಿಂದ ಉಪ್ಪು ಒರೆಸಿ, ಆಮೇಲೆ ಒಣ ಬಟ್ಟೆ. ಮ್ಯೂ-2 ಕ್ಯಾಮೆರಾಗಳು ಹನಿ ನೀರಿಗೆ ಹೆದರದಂತೆ ಮಾಡಿದವು. ಆದರೆ ಅವುಗಳ ರಬ್ಬರಿಗೂ ಈಗ ವಯಸ್ಸಾಗಿದೆ, ಮಳೆಯಲ್ಲಿ ನಂಬಬೇಡಿ. ರೋಲನ್ನು ಫ್ರಿಜ್‌ನಲ್ಲಿಟ್ಟರೆ ಹೊರತೆಗೆದ ಕೂಡಲೇ ಡಬ್ಬಿ ಬಿಚ್ಚಬೇಡಿ. ನಮ್ಮ ತೇವದ ಗಾಳಿಗೆ ಅದರ ಮೇಲೆ ನೀರು ಕೂರುತ್ತದೆ. ಒಂದೆರಡು ಗಂಟೆ ಹಾಗೇ ಇಡಿ.

ಇಷ್ಟು ನನ್ನ ಮಾತು. ಇನ್ನು ನಿಮ್ಮ ಪ್ರಶ್ನೆಗಳು.

ಮೊಬೈಲ್ ಇರುವಾಗ ಇದು ಯಾಕೆ ಅಂತ ಒಬ್ಬರು ಕೇಳಿದರು.

ಮೊಬೈಲ್ ಒಳ್ಳೆಯ ಕ್ಯಾಮೆರಾ. ರಾತ್ರಿಯ ಯಕ್ಷಗಾನ ತೆಗೆಯಲು ಇದಕ್ಕಿಂತ ಅದೇ ಮೇಲು. ಆದರೆ ಮೊಬೈಲಿನಲ್ಲಿ ತೆಗೆದ ಕೂಡಲೇ ಎಲ್ಲರೂ ನೋಡಲು ಬರುತ್ತಾರೆ. ‘ನಂದು ಚೆನ್ನಾಗಿಲ್ಲ, ಇನ್ನೊಂದು ತೆಗಿ’ ಅನ್ನುತ್ತಾರೆ. ನಡೆಯುತ್ತಿದ್ದ ಕೆಲಸ ನಿಂತುಹೋಗುತ್ತದೆ. ಈ ಸಣ್ಣ ಕ್ಯಾಮೆರಾದಲ್ಲಿ ನೋಡಲು ಏನೂ ಇಲ್ಲ. ಒಂದು ಕ್ಲಿಕ್, ಒಳಗಿನ ಮೋಟಾರಿನ ಸದ್ದು, ಮತ್ತೆ ಜೇಬಿಗೆ. ಅಜ್ಜಿ ಅಡಿಕೆ ಸುಲಿಯುವುದನ್ನು ನಿಲ್ಲಿಸುವುದಿಲ್ಲ. ನನಗೆ ಬೇಕಾದದ್ದು ಅದೇ. ಜೊತೆಗೆ ನೆಗೆಟಿವ್ ಕೈಯಲ್ಲಿರುತ್ತದೆ. ಫೋನು ಬದಲಾದರೂ ಅದು ಎಲ್ಲಿಗೂ ಹೋಗುವುದಿಲ್ಲ.

ಯಾವುದು ಕೊಳ್ಳಬೇಕು ಅಂತ ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು.

ಮೊದಲು ನಿಮ್ಮ ಮನೆ, ನೆಂಟರ ಮನೆಯ ಕಪಾಟು ನೋಡಮ್ಮ. ಮ್ಯೂ-2, ಕಾಂಟ್ಯಾಕ್ಸ್ ಟಿ2 ತರಹದವಕ್ಕೆ ಈಗ ಸಿಕ್ಕಾಪಟ್ಟೆ ಬೆಲೆ. ಅಷ್ಟು ಕೊಡಬೇಡ. ಇವುಗಳ ಒಳಗಿನ ಸರ್ಕ್ಯೂಟ್ ಕೈಕೊಟ್ಟರೆ ರಿಪೇರಿ ಮಾಡಲು ಬಿಡಿಭಾಗ ಸಿಗುವುದಿಲ್ಲ. ಹೆಸರಿಲ್ಲದ, ಜೂಮ್ ಇಲ್ಲದ ಒಂದು ಸಾಕು. ಕೊಳ್ಳುವಾಗ ಬ್ಯಾಟರಿ ನೀನೇ ತೆಗೆದುಕೊಂಡು ಹೋಗು. ಹೆಚ್ಚಿನವಕ್ಕೆ ಮೂರು ವೋಲ್ಟಿನ ಸಿಆರ್123ಎ ಬೇಕು, ಕೆಲವಕ್ಕೆ ಪೆನ್ಸಿಲ್ ಸೆಲ್. ಹಾಕಿ ಒತ್ತಿ ನೋಡು. ಬ್ಯಾಟರಿ ಜಾಗದಲ್ಲಿ ಹಸಿರು ಕಿಲುಬು ಇದೆಯಾ, ಹಿಂಬಾಗಿಲ ಅಂಚಿನ ಸ್ಪಂಜು ಅಂಟಂಟಾಗಿದೆಯಾ ನೋಡು. ಸ್ಪಂಜು ಬದಲಾಯಿಸಬಹುದು. ಲೆನ್ಸಿನೊಳಗೆ ಬೂಸಲು ಕಂಡರೆ ಬೇಡ.

ತೊಳೆಸುವುದು ಎಲ್ಲಿ ಅಂತ ಇಬ್ಬರು ಮೂವರು ಒಟ್ಟಿಗೆ ಕೇಳಿದರು.

ಊರೂರಿಗೆ ಇದ್ದ ಕಲರ್ ಲ್ಯಾಬ್‌ಗಳಲ್ಲಿ ಹೆಚ್ಚಿನವು ಈಗ ಮೊಬೈಲ್ ಫೋಟೋ ಪ್ರಿಂಟ್ ಮಾತ್ರ ಮಾಡುತ್ತವೆ. ಬೆಂಗಳೂರು, ಮುಂಬೈಗಳಲ್ಲಿ ಫಿಲ್ಮ್ ತೊಳೆಯುವವರಿದ್ದಾರೆ, ಕೊರಿಯರ್‌ನಲ್ಲಿ ಕಳಿಸಬಹುದು. ಸ್ಕ್ಯಾನ್ ಮಾತ್ರ ಕಳಿಸಿದರೆ ಸಾಕು ಅನ್ನಬೇಡಿ. ನೆಗೆಟಿವ್ ವಾಪಸ್ ಬೇಕು ಅಂತ ಚೀಟಿಯಲ್ಲೇ ಬರೆಯಿರಿ. ಮನೆಯಲ್ಲೇ ತೊಳೆಯಲೂ ಆಗುತ್ತದೆ. ಬಣ್ಣದ ನೆಗೆಟಿವ್‌ಗೆ ಪ್ರಪಂಚದಲ್ಲೆಲ್ಲ ಒಂದೇ ವಿಧಾನ, 1972ರಲ್ಲಿ ಬಂದ ಸಿ-41. ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ 37.8 ಡಿಗ್ರಿ ಸೆಲ್ಸಿಯಸ್‌ಗೆ 3 ನಿಮಿಷ 15 ಸೆಕೆಂಡ್. ಆ ಬಿಸಿ ಅಲುಗದಂತೆ ಹಿಡಿದಿಡುವುದೇ ಅದರಲ್ಲಿ ಕಷ್ಟದ ಕೆಲಸ. ಕಪ್ಪು–ಬಿಳುಪು ಇದಕ್ಕಿಂತ ಸುಲಭ, ಕಲಿಯಲು ಅದರಿಂದ ಶುರು ಮಾಡಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರದು. ತೀರಿಕೊಂಡ ಅಣ್ಣನ ಕ್ಯಾಮೆರಾ ಮನೆಯಲ್ಲಿದೆ, ಒಳಗೆ ರೋಲೂ ಇದೆ, ಈಗ ಅದರಲ್ಲಿ ಏನಾದರೂ ಉಳಿದಿರಬಹುದಾ ಅಂತ.

ಉಳಿದಿರಬಹುದು ಸರ್. ಹಿಂಬಾಗಿಲು ಮಾತ್ರ ತೆಗೆಯಬೇಡಿ. ಮೊದಲು ಹೊಸ ಬ್ಯಾಟರಿ ಹಾಕಿ. ಎಷ್ಟೋ ಕ್ಯಾಮೆರಾಗಳ ತಳದಲ್ಲೋ ಪಕ್ಕದಲ್ಲೋ ಕಡ್ಡಿಯ ತುದಿಯಿಂದ ಒತ್ತುವಂಥ ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೋಟಾರು ರೋಲನ್ನು ಡಬ್ಬಿಯೊಳಗೆ ಸುತ್ತಿಕೊಳ್ಳುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ತೆರೆಯಿರಿ. ಮೋಟಾರು ಕೆಲಸ ಮಾಡದಿದ್ದರೆ ಕ್ಯಾಮೆರಾವನ್ನೇ ಲ್ಯಾಬಿಗೆ ಕೊಡಿ, ಅವರು ಕತ್ತಲಲ್ಲಿ ತೆಗೆಯುತ್ತಾರೆ. ಬಣ್ಣದ ರೋಲಾದರೆ ಬಣ್ಣ ತಿರುಗಿರುತ್ತದೆ, ಮಂಜು ಕವಿದಂತಿರುತ್ತದೆ. ನಮ್ಮ ಸೆಕೆ, ತೇವ ಎರಡೂ ಅದಕ್ಕೆ ಒಳ್ಳೆಯದಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ತರಹದ ಕಪ್ಪು–ಬಿಳುಪು ರೋಲಾದರೆ ಚಿತ್ರ ಸಿಗುವ ಸಾಧ್ಯತೆ ಹೆಚ್ಚು. ರೋಲು ಎಷ್ಟು ವರ್ಷ ಹಳೆಯದು, ಎಲ್ಲಿ ಇಟ್ಟಿತ್ತು ಅಂತ ಲ್ಯಾಬಿನವರಿಗೆ ಬರೆದು ತಿಳಿಸಿ. ಮಸುಕಾಗಿ ಬಂದರೂ ಎಸೆಯಬೇಡಿ, ಸ್ಕ್ಯಾನಿನಲ್ಲಿ ಸ್ವಲ್ಪ ಎತ್ತಬಹುದು. ಇನ್ನೊಂದು ಮಳೆಗಾಲ ಕಾಯಬೇಡಿ ಸರ್, ಈ ವಾರವೇ ಕಳಿಸಿ.